ಶಾಯಿಗೊಪ್ಪುವ ಕಾಗದ

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದು ಅಹಮದಾಬಾದು, ಬರೋಡ, ಸೂರತ್ ಪಟ್ಟಣಗಳಲ್ಲಿ ನೆಲೆಸಿರುವ ನಮ್ಮವರಿಗೂ ಊರಿನಲ್ಲಿರುವ ಅವರ ಕುಟುಂಬಗಳಿಗೂ ನಡುವೆ ಇರುವ ಕೊಂಡಿಗಳಲ್ಲಿ ಭಾವಚಿತ್ರವೂ ಒಂದು. ಮಗುವಿನ ನಾಮಕರಣಕ್ಕೆ ರಜೆ ದೊರೆಯದ ತಂದೆಗೆ ಊರಿನಿಂದ ಬರುವುದು ಭಾವಚಿತ್ರ; ದುಡಿಯುವ ಮಗನನ್ನು ವರ್ಷಕ್ಕೊಮ್ಮೆ ಮಾತ್ರ ಕಾಣುವ ತಾಯಿಯ ಕಣ್ಣಿಗೆ ನಿತ್ಯವೂ ಬೀಳುವುದು ಗೋಡೆಯ ಮೇಲಿನ ಭಾವಚಿತ್ರ; ಗತಿಸಿದ ಹಿರಿಯರ ತಿಥಿಯ ದಿನ ಹೂವಿನ ಮಾಲೆ ಏರುವುದೂ ಭಾವಚಿತ್ರಕ್ಕೇ. ಇಷ್ಟು ಮಹತ್ವದ ವಸ್ತುವನ್ನು ನಾವು ಎಂಥ ಶಾಯಿಯಿಂದ, ಎಂಥ ಕಾಗದದ ಮೇಲೆ ಮುದ್ರಿಸುತ್ತಿದ್ದೇವೆಂದು ವಿಚಾರಿಸುವವರು ಮಾತ್ರ ವಿರಳ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

“ಚಿತ್ರಗಳೆಲ್ಲ ಮೊಬೈಲಿನಲ್ಲಿಯೇ ಇರುವಾಗ ಕಾಗದದ ಗೊಡವೆ ಯಾತಕ್ಕೆ?” ಎಂದು ಕೇಳುವವರು ಇದ್ದಾರೆ. ಮೊಬೈಲು ಕಳೆದುಹೋಗುತ್ತದೆ, ನೀರಿಗೆ ಬೀಳುತ್ತದೆ, ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಅದರೊಡನೆ ಚಿತ್ರಗಳೂ ಹೋಗುವುದುಂಟು. ಮೇಲಾಗಿ, ಕಣ್ಣು ಮಂಜಾದ ವೃದ್ಧರಿಗೆ ಅಂಗೈಯಗಲದ ಪರದೆಯಲ್ಲಿ ಮೊಮ್ಮಗುವಿನ ಮುಖ ಹುಡುಕುವುದು ಸುಲಭವಲ್ಲ. ಅರ್ಜಿಗಳಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನಂತೂ ಕಾಗದದ ಮೇಲೆಯೇ ಒದಗಿಸಬೇಕು. ಆದುದರಿಂದ ಕಾಗದದ ಚಿತ್ರದ ಕಾಲ ಮುಗಿಯಿತೆಂದು ಹೇಳುವುದು ಸರಿಯಲ್ಲ.

ಹಿಂದೆ ಫೋಟೋ ಬೇಕಾದರೆ ಸ್ಟುಡಿಯೋಕ್ಕೆ ಹೋಗುವುದಲ್ಲದೆ ಬೇರೆ ದಾರಿ ಇರಲಿಲ್ಲ. ಶಾಯಿಯನ್ನು ಚಿಮ್ಮಿಸಿ ಮುದ್ರಿಸುವ ಯಂತ್ರ, ಅಂದರೆ ಇಂಕ್‌ಜೆಟ್ ಪ್ರಿಂಟರ್, ಎಚ್.ಪಿ. ಸಂಸ್ಥೆಯ ಥಿಂಕ್‌ಜೆಟ್ ಎಂಬ ಹೆಸರಿನಿಂದ ೧೯೮೪ರಲ್ಲಿ ಕಚೇರಿಗಳ ಮೇಜನ್ನೇರಿತು. ಇಂದು ಅದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನ ಕೋಣೆಯಲ್ಲಿಯೂ, ಗುಮಾಸ್ತರ ಮನೆಗಳಲ್ಲಿಯೂ, ಸಂಘಗಳ ಕಚೇರಿಗಳಲ್ಲಿಯೂ ಕಾಣಸಿಗುತ್ತದೆ. ಅಹಮದಾಬಾದಿನ ರಿಲೀಫ್ ರೋಡಿಗೆ ಹೋಗಿ ಯಂತ್ರವೊಂದನ್ನು ಕೊಂಡವರು ಅಂಗಡಿಯವನು ಕೈಗಿತ್ತ ಹೊಳಪಿನ ಕಾಗದದ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಯಂತ್ರದ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ಕೇಳಿದವರೂ ಕಾಗದದ ಜಾತಿಯನ್ನು ಒಂದು ಅಂಗಡಿಯಲ್ಲಿಯೂ ಕೇಳುವುದಿಲ್ಲ.

ಆ ಬಳಿಕ ದೂರುಗಳು ಮೊದಲಾಗುತ್ತವೆ. ಕಪ್ಪು ಕೂದಲನ್ನು ಮುಟ್ಟಿದರೆ ಶಾಯಿ ಬೆರಳಿಗೆ ಹತ್ತುತ್ತದೆ. ಗೋಡೆಗೆ ಹಾಕಿದ ಮದುವೆಯ ಚಿತ್ರದಲ್ಲಿ ವಧೂವರರ ಮುಖ ಕ್ರಮೇಣ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಊರಿಗೆ ಕಳುಹಿಸಿದ ಚಿತ್ರ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿಗೆ ಅಂಟಿಕೊಂಡು, ಬಿಡಿಸಹೋದರೆ ಹರಿಯುತ್ತದೆ. ಆಗ ಎಲ್ಲರೂ ಬಯ್ಯುವುದು ಯಂತ್ರವನ್ನು. ದೋಷವು ಬಹುತರ ಯಂತ್ರದ್ದಲ್ಲ; ಒಂದಕ್ಕೊಂದು ಒಪ್ಪದ ಶಾಯಿಯನ್ನೂ ಕಾಗದವನ್ನೂ ನಾವೇ ಜೋಡಿಸಿದುದರ ಫಲ ಅದು ಎಂಬುದೇ ನಮ್ಮ ಅಭಿಪ್ರಾಯ.

ಶಾಯಿಯ ಎರಡು ಜಾತಿ

ಈ ಯಂತ್ರವು ಕೂದಲಿಗಿಂತಲೂ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳನ್ನು ಕಾಗದದ ಮೇಲೆ ಎರಚುತ್ತದೆ. ಹನಿಯ ಅಳತೆ ಕೆಲವೇ ಪಿಕೋಲೀಟರುಗಳು. ಒಂದು ಪಿಕೋಲೀಟರೆಂದರೆ ಲೀಟರಿನ ಲಕ್ಷ ಕೋಟಿ ಪಾಲುಗಳಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವಾದ ಹನಿಯು ಬಿದ್ದಲ್ಲಿಯೇ ನಿಲ್ಲಬೇಕು, ಪಕ್ಕಕ್ಕೆ ಹರಡಬಾರದು, ಒಡನೆಯೇ ಆರಬೇಕು. ಸಾದಾ ಕಾಗದದ ನಾರಿಗೆ ಈ ಶಕ್ತಿಯಿಲ್ಲ. ಆದಕಾರಣವೇ ಫೋಟೋ ಕಾಗದಕ್ಕೆ ಒಂದು ಲೇಪವನ್ನು ಕೊಟ್ಟಿರುತ್ತಾರೆ. ಚಿತ್ರವು ಕುಳಿತುಕೊಳ್ಳುವುದು ಕಾಗದದ ಮೇಲಲ್ಲ, ಈ ಲೇಪದಲ್ಲಿ.

ಶಾಯಿಯಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ಬಣ್ಣವು ನೀರಿನಲ್ಲಿ ಸಕ್ಕರೆ ಕರಗಿದಂತೆ ಪೂರ್ತಿಯಾಗಿ ಕರಗಿರುತ್ತದೆ. ಇದಕ್ಕೆ ಡೈ ಶಾಯಿಯೆಂದು ಹೆಸರು. ಇದು ಹೊಳಪಿನ ಕಾಗದದ ಲೇಪದೊಳಗೆ ಇಳಿದು ಉಜ್ವಲವಾದ ಬಣ್ಣ ಕೊಡುತ್ತದೆ. ಆದರೆ ನೀರು, ಬಿಸಿಲು, ಗಾಳಿ ಮೂರಕ್ಕೂ ಅಂಜುತ್ತದೆ. ಇನ್ನೊಂದರಲ್ಲಿ ಬಣ್ಣವು ಕರಗದೆ, ಅತಿ ಸಣ್ಣ ಕಣಗಳಾಗಿ ದ್ರವದಲ್ಲಿ ತೇಲುತ್ತಿರುತ್ತದೆ. ಇದು ಪಿಗ್ಮೆಂಟ್ ಶಾಯಿ. ಕಣಗಳು ಕಾಗದದ ಮೇಲ್ಮೈಯಲ್ಲಿ ನಿಲ್ಲುತ್ತವೆ, ಬೇಗನೆ ಮಾಸುವುದಿಲ್ಲ, ನೀರಿಗೂ ಅಷ್ಟಾಗಿ ಅಂಜುವುದಿಲ್ಲ. ಆದರೆ ಅಗ್ಗದ ಹೊಳಪಿನ ಕಾಗದದ ಮೇಲೆ ಅವು ಹಿಡಿದು ನಿಲ್ಲಲಾರವು, ಉಜ್ಜಿದರೆ ಏಳುತ್ತವೆ.

ಇನ್ನು ನಮ್ಮವರ ಮನೆಗಳಿಗೆ ಬರುವ ಯಂತ್ರಗಳನ್ನು ನೋಡೋಣ. ಕ್ಯಾನನ್ ಸಂಸ್ಥೆಯ ಜಿ ಶ್ರೇಣಿಯ ಹಲವು ಯಂತ್ರಗಳಲ್ಲಿಯೂ, ಎಚ್.ಪಿ.ಯವರ ಇಂಕ್ ಟ್ಯಾಂಕ್ ಯಂತ್ರಗಳಲ್ಲಿಯೂ ಕಪ್ಪು ಶಾಯಿ ಪಿಗ್ಮೆಂಟು, ಉಳಿದ ಮೂರು ಬಣ್ಣಗಳು ಡೈ. ಪತ್ರ, ಲೆಕ್ಕಪಟ್ಟಿಗಳನ್ನು ಸಾದಾ ಕಾಗದದ ಮೇಲೆ ಅಚ್ಚುಮಾಡುವ ಗುಮಾಸ್ತನಿಗೆ ಇದು ಉತ್ತಮವಾದ ಏರ್ಪಾಡು, ಅಕ್ಷರಗಳು ಗಟ್ಟಿಯಾಗಿ ಮೂಡುತ್ತವೆ. ಸ್ಟುಡಿಯೋದವರು ಬಹಳವಾಗಿ ಬಳಸಿದ ಎಪ್ಸನ್ ಎಲ್ ೮೦೫ರಲ್ಲಿ ಆರು ಬಣ್ಣಗಳು, ಆರೂ ಡೈ. ತಿಳಿನೀಲಿ, ತಿಳಿಗೆಂಪು ಎರಡು ಹೆಚ್ಚಾಗಿರುವುದರಿಂದ ಮುಖದ ಛಾಯೆ ಮೃದುವಾಗಿ ಬರುತ್ತದೆ. ಅದೇ ಎಪ್ಸನ್ನಿನ ಕೆಲವು ಕಚೇರಿ ಯಂತ್ರಗಳಲ್ಲಿ ನಾಲ್ಕು ಬಣ್ಣಗಳೂ ಪಿಗ್ಮೆಂಟೇ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತೆರನ ಪೆಟ್ಟಿಗೆಗಳು. ಒಳಗಿರುವ ಶಾಯಿಯ ಜಾತಿಯನ್ನು ತಿಳಿಯದೆ ಕಾಗದ ಕೊಳ್ಳುವುದು, ಪಾದದ ಅಳತೆ ತಿಳಿಯದೆ ಚಪ್ಪಲಿ ಕೊಂಡಂತೆಯೇ ಸರಿ.

ಕಾಗದದ ಕುಲಗೋತ್ರ

ಅಂಗಡಿಯಲ್ಲಿ “ಫೋಟೋ ಪೇಪರ್” ಎಂಬ ಒಂದೇ ಹೆಸರಿನಿಂದ ಮಾರಾಟವಾಗುವ ವಸ್ತುಗಳು ಒಂದಲ್ಲ, ಹಲವು. ಮೊದಲನೆಯದು, ಸಾಧಾರಣ ಕಾಗದಕ್ಕೇ ಒಂದು ಬದಿಯಲ್ಲಿ ಹೊಳಪಿನ ಲೇಪ ಕೊಟ್ಟದ್ದು. ಅಗ್ಗವಾಗಿ ಸಿಗುವ ೧೩೦ ಅಥವಾ ೧೮೦ ಜಿ.ಎಸ್.ಎಂ. ಪೊಟ್ಟಣಗಳು ಬಹುಪಾಲು ಈ ಜಾತಿಯವು. ಶಾಯಿ ಹೆಚ್ಚಾದರೆ ಇದು ಸುರುಳಿಗೊಳ್ಳುತ್ತದೆ. ತೇವ ತಗಲಿದರೆ ಕೆಳಗಿನ ಕಾಗದವೇ ನೀರು ಕುಡಿಯುತ್ತದೆ. ಎರಡನೆಯದು, ಕಾಗದದ ಎರಡು ಬದಿಗೂ ಪಾಲಿಥಿನ್ ಹೊದಿಸಿ ಅದರ ಮೇಲೆ ಲೇಪ ಕೊಟ್ಟದ್ದು; ಇದನ್ನು ಆರ್.ಸಿ. ಕಾಗದವೆಂದು ಕರೆಯುತ್ತಾರೆ. ಕೈಯಲ್ಲಿ ಹಿಡಿದರೆ ಸ್ಟುಡಿಯೋದ ಚಿತ್ರದಂತೆಯೇ ತೋರುತ್ತದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಮೂರನೆಯದು, ಹೊಳಪಿಲ್ಲದ ಮ್ಯಾಟ್ ಕಾಗದ. ಇದರ ಮೇಲೆ ಪಿಗ್ಮೆಂಟ್ ಶಾಯಿ ಚೆನ್ನಾಗಿ ನಿಲ್ಲುತ್ತದೆ, ಗಾಜಿಗೆ ಅಂಟುವುದೂ ಕಡಿಮೆ.

ಲೇಪದಲ್ಲಿಯೂ ಎರಡು ವಿಧ. ಒಂದು, ಸಿಲಿಕಾ ಅಥವಾ ಅಲ್ಯುಮಿನದ ಕಣಗಳಿಂದಾದ, ಕಣ್ಣಿಗೆ ಕಾಣದ ರಂಧ್ರಗಳುಳ್ಳ ಲೇಪ. ಇದರ ಮೇಲೆ ಶಾಯಿ ಕೂಡಲೇ ಆರುತ್ತದೆ, ಆದರೆ ರಂಧ್ರಗಳು ತೆರೆದೇ ಇರುವುದರಿಂದ ಗಾಳಿಯು ಒಳಹೊಕ್ಕು ಡೈಯನ್ನು ಕೆಡಿಸುತ್ತದೆ. ಇನ್ನೊಂದು, ಜೆಲಾಟಿನ್ ಮೊದಲಾದವುಗಳಿಂದಾದ, ಶಾಯಿಯನ್ನು ಹೀರಿ ಉಬ್ಬುವ ಲೇಪ. ಇದು ನಿಧಾನವಾಗಿ ಆರುತ್ತದೆ. ಬಣ್ಣವನ್ನು ಗಾಳಿಯಿಂದ ಕಾಪಾಡುತ್ತದೆ. ತೇವದಲ್ಲಿ ಮಾತ್ರ ಅಂಟಂಟಾಗುತ್ತದೆ. ಇಲ್ಲಿಯೇ ನಮ್ಮವರಿಗೆ ವಿಶೇಷವಾದ ಸಂಕಟ. ಇಲ್ಲಿನ ಪಟ್ಟಣಗಳಲ್ಲಿ ಉರಿಬಿಸಿಲು, ವಾಹನಗಳ ಹೊಗೆ, ಅವೆರಡರಿಂದ ಹುಟ್ಟುವ ಓಝೋನ್ ಅನಿಲ. ಅಲ್ಲಿ ಉಡುಪಿ, ಕುಂದಾಪುರ, ಕಾರ್ಕಳಗಳಲ್ಲಿ ನಾಲ್ಕು ತಿಂಗಳ ಮಳೆ. ಗೋಡೆಯೂ ಬೆವರುವ ಕಾಲ. ಒಂದೇ ಚಿತ್ರವು ಇಲ್ಲಿ ಗಾಳಿಗೂ ಅಲ್ಲಿ ತೇವಕ್ಕೂ ತಾಳಬೇಕಾಗುತ್ತದೆ.

ಕಂಪೆನಿಯ ಹೆಸರನ್ನು ನೋಡಿ ಕೊಂಡರೆ ಸಾಕೆಂಬುದೂ ಪೂರ್ಣ ಸತ್ಯವಲ್ಲ. ೨೦೦೦ದಲ್ಲಿ ಎಪ್ಸನ್ ಸಂಸ್ಥೆಯ ಸ್ಟೈಲಸ್ ಫೋಟೋ ೮೭೦ ಮತ್ತು ೧೨೭೦ ಎಂಬ ಯಂತ್ರಗಳಿಂದ, ಆ ಸಂಸ್ಥೆಯದೇ ಹೊಳಪಿನ ಕಾಗದದ ಮೇಲೆ ಮುದ್ರಿಸಿದ ಚಿತ್ರಗಳು ಕೆಲವರ ಮನೆಗಳಲ್ಲಿ ವಾರಗಳೊಳಗೆ ಕಿತ್ತಳೆಯ ಬಣ್ಣಕ್ಕೆ ತಿರುಗಿದವು. ಬೆಳಕಿಗೆ ವರ್ಷಗಟ್ಟಲೆ ತಾಳುತ್ತವೆಂದು ಹೇಳಿದ್ದ ಚಿತ್ರಗಳು ಅವು. ವಿಚಾರಿಸಿದಾಗ, ಗಾಳಿಯಲ್ಲಿನ ಓಝೋನ್ ಲೇಪದ ರಂಧ್ರಗಳೊಳಗೆ ಹೊಕ್ಕು ನೀಲಿ ಡೈಯನ್ನು ನಾಶಮಾಡಿತೆಂದು ತಿಳಿದುಬಂತು. ಬೆಳಕಿನ ಪರೀಕ್ಷೆಯಲ್ಲಿ ಗೆದ್ದ ಜೋಡಿಯು ಗಾಳಿಯ ಪರೀಕ್ಷೆಯಲ್ಲಿ ಸೋತಿತು. ಇದರಿಂದ ನಾವು ಕಲಿಯತಕ್ಕ ಪಾಠವೇನೆಂದರೆ, ಚಿತ್ರದ ಆಯುಸ್ಸು ಶಾಯಿಯೊಂದರಲ್ಲಿಯೂ ಇಲ್ಲ, ಕಾಗದವೊಂದರಲ್ಲಿಯೂ ಇಲ್ಲ. ಎರಡರ ಕೂಟದಲ್ಲಿಯೂ ಅದನ್ನು ಇಡುವ ಸ್ಥಳದಲ್ಲಿಯೂ ಇದೆ.

ನೆರೆಮನೆಯ ಪಾಠ

ಗುಜರಾತಿನಲ್ಲಿ ನೆಲೆಸಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಸೂರತ್ತಿನ ಸೀರೆಯ ವ್ಯಾಪಾರಿಯನ್ನು ಕೇಳಿದರೆ, ಪಾಲಿಯೆಸ್ಟರಿಗೆ ಹಿಡಿಯುವ ಬಣ್ಣವು ಹತ್ತಿಗೆ ಹಿಡಿಯುವುದಿಲ್ಲವೆಂದು ತಟ್ಟನೆ ಹೇಳುತ್ತಾನೆ. ಅಲ್ಲಿ ಡಿಸ್ಪರ್ಸ್ ಬಣ್ಣಗಳನ್ನು ಕಾಗದದ ಮೇಲೆ ಮುದ್ರಿಸಿ, ೨೦೦ ಡಿಗ್ರಿಯ ಸುಮಾರು ಶಾಖದಲ್ಲಿ ಪಾಲಿಯೆಸ್ಟರ್ ಬಟ್ಟೆಗೆ ಒತ್ತಿ ಇಳಿಸುತ್ತಾರೆ. ಹತ್ತಿಯ ನಾರಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು ೧೯೫೬ರಲ್ಲಿ ಮಾರುಕಟ್ಟೆಗೆ ಬಂದವು. ಅಹಮದಾಬಾದಿನ ವಟವಾ ಮೊದಲಾದ ಕಡೆ ಇಂದು ಇಂಥ ಬಣ್ಣಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಬಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ಪಟ್ಟಣಗಳಲ್ಲಿ ವಾಸಿಸುವ ನಾವು ಹೆತ್ತವರ ಚಿತ್ರದ ವಿಷಯದಲ್ಲಿ ಉದಾಸೀನರಾಗಿರುವುದು ಒಳ್ಳೆಯದಲ್ಲ. ಸೂರತ್ತಿನ ಬಂಧುಗಳಿಗೆ ಇನ್ನೊಂದು ಎಚ್ಚರಿಕೆಯ ಮಾತು: ಬಟ್ಟೆಗೆ ಇಳಿಸಲು ಬಳಸುವ ಸಬ್ಲಿಮೇಶನ್ ಶಾಯಿಯೂ ಕಾಗದವೂ ಫೋಟೋ ಸಾಮಗ್ರಿಯ ಪಕ್ಕದಲ್ಲಿಯೇ ಮಾರಾಟಕ್ಕಿರುವುದುಂಟು. ಆ ಶಾಯಿಯಿಂದ ಫೋಟೋ ಕಾಗದದ ಮೇಲೆ ಮುದ್ರಿಸಿದರೆ ಚಿತ್ರವು ಮಂಕಾಗಿಯೇ ಬರುವುದು.

ಬರೋಡದ ಅರಮನೆಗಾಗಿ ಸಯಾಜಿರಾವ್ ಗಾಯಕವಾಡರು ರಾಜಾ ರವಿವರ್ಮನಿಂದ ಪುರಾಣದ ಚಿತ್ರಗಳನ್ನು ಬರೆಸಿದರು. ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ತನ್ನ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಹೊರತಂದನು. ಎಣ್ಣೆಯಲ್ಲಿ ಕಲಸಿದ ಬಣ್ಣದ ಕಣಗಳಿಂದ, ಅದಕ್ಕೆ ತಕ್ಕ ಕಾಗದದ ಮೇಲೆ ಮುದ್ರಿತವಾದ ಆ ಲಕ್ಷ್ಮೀ ಸರಸ್ವತಿಯರ ಪಟಗಳು ಊರಿನ ಹಳೆಯ ಮನೆಗಳ ಗೋಡೆಗಳ ಮೇಲೆ ತಲೆಮಾರುಗಳನ್ನು ಕಂಡಿವೆ. ಅದೇ ಗೋಡೆಯಲ್ಲಿ ನಾವು ಹೋದ ವರ್ಷ ತೂಗುಹಾಕಿದ ಚಿತ್ರ ಈ ವರ್ಷ ಮಾಸಿದರೆ, ಕಾಲ ಕೆಟ್ಟಿತೆಂದು ಹೇಳಿ ಸುಮ್ಮನಾಗುವುದು ತರವಲ್ಲ.

ಮಾಡಬೇಕಾದುದೇನು?

ಕಾಗದವನ್ನು ಸರಿಯಾಗಿ ಆರಿಸಿದ ಮೇಲೂ ಯಂತ್ರಕ್ಕೆ ಅದನ್ನು ತಿಳಿಸಬೇಕು. ಮುದ್ರಿಸುವ ಮುನ್ನ ಕಂಪ್ಯೂಟರಿನಲ್ಲಿ ಕಾಗದದ ಜಾತಿಯನ್ನು ಕೇಳುವ ಸ್ಥಳವೊಂದಿದೆ; ನಮ್ಮವರಲ್ಲಿ ಅನೇಕರು ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿ “ಸಾದಾ ಕಾಗದ” ಎಂದೇ ಉಳಿದರೆ, ಪಿಗ್ಮೆಂಟ್ ಕಪ್ಪು ಇರುವ ಯಂತ್ರವು ಹೊಳಪಿನ ಕಾಗದದ ಮೇಲೆಯೂ ಆ ಕಪ್ಪನ್ನೇ ಸುರಿಯುತ್ತದೆ. ಬೆರಳಿಗೆ ಹತ್ತುವ ಕಪ್ಪಿನ ಗುಟ್ಟು ಬಹುಮಟ್ಟಿಗೆ ಇದೇ. “ಹೊಳಪಿನ ಫೋಟೋ ಕಾಗದ” ಎಂದು ಆರಿಸಿದರೆ ಯಂತ್ರವು ಮೂರು ಡೈ ಬಣ್ಣಗಳನ್ನು ಕೂಡಿಸಿ ಕಪ್ಪನ್ನು ಮಾಡಿಕೊಳ್ಳುತ್ತದೆ, ಶಾಯಿಯ ಪ್ರಮಾಣವನ್ನೂ ತಿದ್ದಿಕೊಳ್ಳುತ್ತದೆ. ಕಾವಲಿಯ ಕಾವನ್ನು ನೋಡದೆ ಹಿಟ್ಟು ಹೊಯ್ದು, ದೋಸೆ ಏಳಲಿಲ್ಲವೆಂದು ಹಿಟ್ಟನ್ನು ಬಯ್ಯುವ ಅಡಿಗೆಯವನು ನಮ್ಮ ಹೋಟೆಲುಗಳಲ್ಲಿ ಒಂದು ದಿನವೂ ನಿಲ್ಲಲಾರನು. ಯಂತ್ರದ ಮುಂದೆ ಕುಳಿತಾಗಲೂ ಅದೇ ಎಚ್ಚರ ಬೇಕು.

ಲೇಪವಿರುವುದು ಸಾಧಾರಣವಾಗಿ ಒಂದೇ ಬದಿಗೆ. ಒದ್ದೆ ಬೆರಳನ್ನು ಕಾಗದದ ಮೂಲೆಗೆ ಒತ್ತಿದರೆ ಯಾವ ಬದಿ ತುಸು ಅಂಟುವುದೋ ಅದೇ ಮುದ್ರಿಸುವ ಬದಿ. ಮುದ್ರಿಸಿದ ಚಿತ್ರವನ್ನು ಒಂದು ಹಗಲು ಒಂದು ರಾತ್ರಿ ಬಯಲಿಗೆ ಬಿಟ್ಟು, ಪೂರಾ ಆರಿದ ಮೇಲೆಯೇ ಗಾಜು ಹಾಕಿಸಬೇಕು. ಚಿತ್ರಕ್ಕೂ ಗಾಜಿಗೂ ನಡುವೆ ರಟ್ಟಿನ ಅಂಚಿನಷ್ಟಾದರೂ ಎಡೆ ಬಿಡಿಸಬೇಕು. ಗಾಜು ಗಾಳಿಯನ್ನು ತಡೆಯುತ್ತದೆ, ಎಡೆಯು ಅಂಟುವುದನ್ನು ತಪ್ಪಿಸುತ್ತದೆ. ಕಚೇರಿಯ ಲೇಸರ್ ಯಂತ್ರಕ್ಕೆ ಇಂಕ್‌ಜೆಟ್ಟಿನ ಫೋಟೋ ಕಾಗದವನ್ನು ಎಂದಿಗೂ ಹಾಕಬಾರದು. ಅದರೊಳಗಿನ ಬಿಸಿ ಉರುಳೆಯ ಶಾಖಕ್ಕೆ ಆರ್.ಸಿ. ಕಾಗದದ ಪಾಲಿಥಿನ್ ಕರಗಿ ಯಂತ್ರವೇ ಕೆಡಬಹುದು. ಆ ನಷ್ಟವು ಬಡ ಗುಮಾಸ್ತನ ಸಂಬಳದ ಮೇಲೆ ಬಿದ್ದೀತು.

“ಒಳ್ಳೆಯ ಕಾಗದ ದುಬಾರಿ, ಬಡವರಿಗೆ ನಿಲುಕದು” ಎಂಬ ಆಕ್ಷೇಪವಿದೆ. ಅದು ನಿರಾಧಾರವಾದುದಲ್ಲ. ಆದರೆ ಎಲ್ಲಕ್ಕೂ ಒಂದೇ ಕಾಗದ ಬೇಕೆಂದು ನಾವು ಹೇಳುವುದಿಲ್ಲ. ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ ಅಗ್ಗದ ಹೊಳಪಿನ ಕಾಗದವೇ ಸಾಕು. ನೀರಾದ ಗೋಂದನ್ನು ಬಳಿಯದೆ ಒಣ ಅಂಟನ್ನು ಹಚ್ಚಿದರೆ ಬಣ್ಣ ಹರಿಯುವುದಿಲ್ಲ. ಗೋಡೆಗೆ ಹಾಕುವ ಚಿತ್ರಕ್ಕೆ ಮಾತ್ರ ಆರ್.ಸಿ. ಕಾಗದವನ್ನೋ, ಪಿಗ್ಮೆಂಟ್ ಯಂತ್ರವಿದ್ದರೆ ಮ್ಯಾಟ್ ಕಾಗದವನ್ನೋ ಬಳಸಬೇಕು. ವರ್ಷಕ್ಕೆ ಹತ್ತು ಹನ್ನೆರಡು ಚಿತ್ರಗಳಷ್ಟೇ ಬೇಕಾದವರು ಯಂತ್ರ ಕೊಳ್ಳುವ ಗೋಜಿಗೇ ಹೋಗಬೇಕಾಗಿಲ್ಲ. ಬಳಸದೆ ಇಟ್ಟ ಯಂತ್ರದಲ್ಲಿ ಶಾಯಿ ಒಣಗಿ ರಂಧ್ರಗಳು ಕಟ್ಟುತ್ತವೆ. ತೊಳೆದು ಬಿಡಿಸುವುದರಲ್ಲಿಯೇ ಅರ್ಧ ಶಾಯಿ ಹೋಗುತ್ತದೆ. ಅಂಥವರು ಲ್ಯಾಬಿಗೆ ಹೋಗಿ, ರಾಸಾಯನಿಕ ದ್ರವದಲ್ಲಿ ತೊಳೆದು ತೆಗೆಯುವ ಹಳೆಯ ಕ್ರಮದ ಚಿತ್ರವನ್ನು ಕೇಳಿ ಪಡೆಯುವುದು ಲೇಸು. ಕೇಳಿಯೇ ಪಡೆಯಬೇಕು, ಏಕೆಂದರೆ ಈಗ ಕೆಲವು ಲ್ಯಾಬುಗಳಲ್ಲಿಯೂ ಒಳಗಿರುವುದು ಇಂಕ್‌ಜೆಟ್ಟೇ.

ಈ ವಿಷಯದಲ್ಲಿ ಇಬ್ಬರ ಹೊಣೆ ದೊಡ್ಡದು. ಮೊದಲನೆಯವರು ತಯಾರಕರು ಮತ್ತು ಮಾರಾಟಗಾರರು. ಅಗ್ಗದ ಪೊಟ್ಟಣಗಳ ಮೇಲೆ ಹಾಳೆಗಳ ಸಂಖ್ಯೆ, ಬೆಲೆ, ಜಿ.ಎಸ್.ಎಂ. ಇವುಗಳನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡುವವರು, ಒಳಗಿರುವುದು ಯಾವ ಲೇಪ, ಅದು ಯಾವ ಶಾಯಿಗೆ ಸರಿಯಾದುದು ಎಂಬೆರಡು ಮಾತುಗಳನ್ನು ಬರೆಯುವುದಿಲ್ಲ. ಜಿ.ಎಸ್.ಎಂ. ಎಂಬುದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕವೆಂಬುದನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ. ದಪ್ಪ ಕಾಗದವೆಲ್ಲ ಒಳ್ಳೆಯ ಕಾಗದವಲ್ಲ. ಔಷಧಿಯ ಸೀಸೆಯ ಮೇಲೆ ಅದರಲ್ಲಿ ಏನಿದೆಯೆಂದು ಬರೆದಿರುವಂತೆ ಕಾಗದದ ಪೊಟ್ಟಣದ ಮೇಲೆಯೂ ಬರೆಯತಕ್ಕದ್ದು. ಗಿರಾಕಿಗಳು ಕೇಳಿದ ಹೊರತು ಅವರು ಬರೆಯಲಾರರು. ಆದುದರಿಂದ ಕೊಳ್ಳುವಾಗ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ಕೇಳಬೇಕು. ಉತ್ತರ ಕೊಡಲಾರದ ಅಂಗಡಿಯನ್ನು ಬಿಟ್ಟು ಮುಂದಿನ ಅಂಗಡಿಗೆ ನಡೆಯಬೇಕು.

ಎರಡನೆಯವರು ನಮ್ಮ ಸಂಘಗಳು. ಕನ್ನಡ ಸಂಘಗಳೂ ತುಳು ಸಂಘಗಳೂ ವಾರ್ಷಿಕೋತ್ಸವಗಳನ್ನು ನಡೆಸುತ್ತವೆ, ನಾಟಕಗಳನ್ನು ಆಡಿಸುತ್ತವೆ, ಹಿರಿಯರಿಗೆ ಶಾಲು ಹೊದಿಸಿ ಮಾನಪತ್ರ ಅರ್ಪಿಸುತ್ತವೆ. ಶೋಭೆಗೆಂದು ಕೈಯಿಂದ ಮಾಡಿದ ಖಾದಿ ಕಾಗದದ ಮೇಲೆ ಮಾನಪತ್ರ ಮುದ್ರಿಸುವುದುಂಟು. ಲೇಪವಿಲ್ಲದ ಆ ಕಾಗದದಲ್ಲಿ ಡೈ ಶಾಯಿಯ ಅಕ್ಷರ ಹರಡಿಕೊಳ್ಳುತ್ತದೆ. ಪಿಗ್ಮೆಂಟ್ ಕಪ್ಪು ಚೆನ್ನಾಗಿ ನಿಲ್ಲುತ್ತದೆ. ಕಾಗದದ ಬಿಡಿ ನಾರುಗಳು ಯಂತ್ರದೊಳಗೆ ಸೇರದಂತೆ ಮೊದಲು ಮೆಲ್ಲನೆ ಕೊಡವಿಕೊಳ್ಳಬೇಕು, ಅಷ್ಟೆ. ಹೋಟೆಲು ಕೆಲಸದ ಹತ್ತು ಮಂದಿ ಹತ್ತು ಅಗ್ಗದ ಯಂತ್ರಗಳನ್ನು ಕೊಂಡು ಕೈಸುಟ್ಟುಕೊಳ್ಳುವುದರ ಬದಲು, ಸಂಘವೊಂದು ಒಳ್ಳೆಯ ಯಂತ್ರವನ್ನೂ ಅದಕ್ಕೊಪ್ಪುವ ಎರಡು ಬಗೆಯ ಕಾಗದವನ್ನೂ ಇರಿಸಿ, ಅಸಲು ಖರ್ಚಿಗೆ ಸದಸ್ಯರ ಚಿತ್ರಗಳನ್ನು ಮುದ್ರಿಸಿಕೊಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಕಂಪ್ಯೂಟರು ಬಲ್ಲ ಗುಮಾಸ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಭಾನುವಾರ ಎರಡು ಗಂಟೆಯ ಸೇವೆ ಅವರಿಗೆ ಹೊರೆಯಾಗಲಾರದು. ಸಂಘದ ಹಳೆಯ ಉತ್ಸವಗಳ ಚಿತ್ರಗಳನ್ನೂ ಹೀಗೆಯೇ ಮುದ್ರಿಸಿ, ಹಿಂದೆ ಹೆಸರು ಮತ್ತು ಇಸವಿ ಬರೆದು ಸಂಗ್ರಹಿಸಿಡಬೇಕು. ಈ ನೆಲಕ್ಕೆ ನಮ್ಮವರು ಬಂದು ಬೆವರು ಸುರಿಸಿ ಹೋಟೆಲುಗಳನ್ನು ಕಟ್ಟಿದುದಕ್ಕೆ ಮುಂದಿನವರಿಗೆ ಉಳಿಯುವ ಸಾಕ್ಷ್ಯಗಳಲ್ಲಿ ಅವೂ ಸೇರಿರುತ್ತವೆ.

ಎಲ್ಲಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಅದಕ್ಕೆ ದುಡ್ಡು ಬೇಕಾಗಿಲ್ಲ. ವಾಚಕರು ಇಂದೇ ತಮ್ಮ ಯಂತ್ರದ ಶಾಯಿಯ ಸೀಸೆಯನ್ನು ತಿರುಗಿಸಿ ನೋಡಿ, ಅದು ಡೈಯೋ ಪಿಗ್ಮೆಂಟೋ ಎಂದು ತಿಳಿದುಕೊಂಡು, ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಲಿ. ಮುಂದಿನ ಸಲ ಕಾಗದ ಕೊಳ್ಳಲು ಹೋಗುವಾಗ ಆ ಚೀಟಿಯ ಮಾತು ನೆನಪಿನಲ್ಲಿರಲಿ.